ಮೈಲಿಗಲ್ಲಿನ ಆಚೆ ಮಗ್ಗುಲು

ನಮ್ಮವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನು ಮೈಸೂರಿನ ಒಂಟಿಕೊಪ್ಪಲಿನ ಶಾಲೆಯೊಂದರಲ್ಲಿ ಗಣಿತದ ಮೇಡಂ. ನಿಮ್ಮ ತಾಯಿ ಏನು ಮಾಡುತ್ತಿದ್ದರು ಎಂದು ಯಾರಾದರೂ ಕೇಳಿದರೆ "ಮನೇಲೇ ಇದ್ರು" ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಅದು ಸುಳ್ಳು. ಅವ್ವ ಹುಣಸೂರು ರಸ್ತೆಯ ಗ್ಯಾಂಗಿನಲ್ಲಿ ಕೂಲಿಗಿದ್ದಳು. ಗುಂಡಿ ಮುಚ್ಚುತ್ತಿದ್ದಳು, ಮೈಲಿಗಲ್ಲುಗಳಿಗೆ ಬಣ್ಣ ಹೊಡೆಯುತ್ತಿದ್ದಳು. ಮೇಸ್ತ್ರಿ ಚಾಕ್‌ಪೀಸಿನಲ್ಲಿ ಅಂಕಿ ಗೀಚಿ ಮುಂದೆ ಹೋದರೆ ಅವ್ವ ಅದರ ಮೇಲೆ ಕಪ್ಪು ಬಣ್ಣ ತುಂಬಬೇಕು. ಅಕ್ಷರ ಬಾರದವಳಿಗೆ ಅಂಕಿ ಬಂದದ್ದು ಹಾಗೆ.

ಕಳೆದ ವರ್ಷ ಹುಣಸೂರಿನಲ್ಲಿ ನಾದಿನಿಯ ಮನೆ ಗೃಹಪ್ರವೇಶ ಮುಗಿಸಿ ನಾನು, ನನ್ನ ಗಂಡ, ಅವ್ವ ಕಾರಿನಲ್ಲಿ ಮೈಸೂರಿಗೆ ವಾಪಸು ಬರುತ್ತಿದ್ದೆವು. ಬಿಳಿಕೆರೆ ದಾಟಿದ ಮೇಲೆ ಗಂಡ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿಬಿಟ್ಟರು. ಅಂಗಿಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಎದೆ ಹಿಂಡುತ್ತಿದೆ, ಎಡಗೈ ಎತ್ತಲಾಗುತ್ತಿಲ್ಲ ಎಂದರು. ನನಗೆ ಕಾರು ಓಡಿಸಲು ಬರುವುದಿಲ್ಲ.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಇಲವಾಲದ ಹತ್ತಿರ ಗಾಡಿ ಇದೆ, ಈಗಲೇ ಕಳಿಸುತ್ತೇವೆ, ನೀವಿರುವ ಜಾಗ ಹೇಳಿ ಎಂದಳು ಆಚೆಯ ಹುಡುಗಿ. ಎರಡೂ ಕಡೆ ಬರೀ ಹೊಲ. ಅಂಗಡಿಯಿಲ್ಲ, ಬೋರ್ಡಿಲ್ಲ. ಮೊಬೈಲಿನ ಮ್ಯಾಪು ಸುಮ್ಮನೆ ಸುತ್ತುತ್ತಿತ್ತು. ಕಾರಿನ ಮುಂದೆಯೇ ಮೈಲಿಗಲ್ಲು ಕಂಡಿತು, 'ಮೈಸೂರು 26'.

"ಇಪ್ಪತ್ತಾರು ಅಂತ ಬರೆದಿರೋ ಕಲ್ಲಿನ ಹತ್ರ ಇದ್ದೀವಿ" ಎಂದೆ.

ಅಳಿಯನಿಗೆ ಸೆರಗಿನಲ್ಲಿ ಗಾಳಿ ಹಾಕುತ್ತಿದ್ದ ಅವ್ವ ತಲೆ ಎತ್ತಿದಳು. "ಫೋನು ಮಡಗಬ್ಯಾಡ ಕಣಮ್ಮ. ಬರೋರು ಮೈಸೂರು ಕಡೆಯಿಂದ ತಾನೆ? ಅವ್ರಿಗೆ ಈ ಮಗ್ಗುಲು ಎಂಗೆ ಕಂಡಾದು? ಅವ್ರಿಗೆ ಕಾಣೋದು ಹುಣಸೂರಿನ ಲೆಕ್ಕ. ಇಪ್ಪತ್ತಾರು ಹುಡುಕ್ಕೊಂಡು ಏಳು ಕಿಲೋಮೀಟ್ರು ಆಚೆಗೇ ನಿಂತ್ಬುಡ್ತಾರೆ."

ಓಡಿಹೋಗಿ ಕಲ್ಲಿನ ಆಚೆ ಮಗ್ಗುಲು ನೋಡಿದೆ. ಅಂಕಿಯ ಮೇಲೆ ಯಾರೋ ಟ್ಯೂಷನ್ನಿನ ಪೋಸ್ಟರು ಮೆತ್ತಿದ್ದರು, ಅದೂ ಗಣಿತದ ಟ್ಯೂಷನ್ನು. ಉಗುರಿನಲ್ಲಿ ಕೆರೆದರೂ ಬರಲಿಲ್ಲ.

"ಹತ್ತೊಂಬತ್ತು" ಎಂದಳು ಅವ್ವ, ಕೂತಲ್ಲಿಂದಲೇ. "ಹುಣಸೂರಿಗೂ ಮೈಸೂರಿಗೂ ನಲವತ್ತೈದು. ಎರಡು ಮಗ್ಗುಲೂ ಕೂಡಿದ್ರೆ ಅದೇ ಬರ್ಬೇಕು. ಈ ರಸ್ತೇಲಿ ಯಾವ ಕಲ್ಲಾದ್ರೂ ಅಷ್ಟೇಯ."

ಮೇಸ್ತ್ರಿಯ ಚಾಕ್ ಗೀಟು ಮಳೆಗೆ ಅಳಿಸಿಹೋದ ದಿನಗಳಲ್ಲಿ ಅವಳು ಒಂದು ಮಗ್ಗುಲು ನೋಡಿ ಇನ್ನೊಂದನ್ನು ಬರೆಯುತ್ತಿದ್ದದ್ದು ಹೀಗೆಯೇ. ಇಪ್ಪತ್ತು ವರ್ಷ ಮಕ್ಕಳಿಗೆ ಕೂಡುವುದು ಕಳೆಯುವುದು ಕಲಿಸಿದ ನನಗೆ ಇದು ಹೊಳೆದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತಿಗೆ ನನಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಫೋನಿನಲ್ಲಿ ತಿದ್ದಿ ಹೇಳಿದೆ. "ಹುಣಸೂರು ಇಪ್ಪತ್ತು ಅನ್ನೋ ಕಲ್ಲು ದಾಟಿದ ಮೇಲೆ ಅದರ ಮುಂದಿನ ಕಲ್ಲು. ಅಂಕಿ ಕಾಣಲ್ಲ, ಪೋಸ್ಟರ್ ಅಂಟಿಸಿದ್ದಾರೆ. ಕೆಂಪು ಕಾರು." ಆಮೇಲೆ ಗಂಡನ ಕೈ ಹಿಡಿದು ಕೂತೆ. ಇನ್ನೊಂದು ಕೈ ಅವ್ವ ಹಿಡಿದಿದ್ದಳು. ಗಾಡಿ ಎಲ್ಲೂ ತಡವರಿಸದೆ ಬಂದು ನಮ್ಮ ಮುಂದೆಯೇ ನಿಂತಿತು.

ಸರಿಯಾದ ಹೊತ್ತಿಗೆ ಕರೆತಂದಿರಿ, ಇನ್ನು ಭಯವಿಲ್ಲ ಎಂದರು ಮೈಸೂರಿನ ಆಸ್ಪತ್ರೆಯ ಡಾಕ್ಟರು. ಹೊರಗೆ ಬೆಂಚಿನ ಮೇಲೆ ನಾನು, ಅವ್ವ ಕೂತಿದ್ದಾಗ ಆಂಬುಲೆನ್ಸಿನ ಡ್ರೈವರು ವಿಚಾರಿಸಿಕೊಳ್ಳಲು ಬಂದರು. "ಇಷ್ಟು ಕರೆಕ್ಟಾಗಿ ಜಾಗ ಹೇಳೋರು ಸಿಗೋದು ಕಮ್ಮಿ ಮೇಡಂ. ಯಾರು ಹೇಳಿಕೊಟ್ಟಿದ್ದು?"

"ನಮ್ಮವ್ವ" ಎಂದೆ. "ರಸ್ತೆ ಗ್ಯಾಂಗಲ್ಲಿ ಕೂಲಿ ಮಾಡ್ತಿದ್ರು. ಆ ರಸ್ತೆ ಕಲ್ಲುಗಳಿಗೆಲ್ಲ ಅಂಕಿ ಬರೆದೋರು ಇವ್ರೇ."

ಹೊರಗಿನವರೊಬ್ಬರ ಮುಂದೆ ಆ ಮಾತು ಆಡಿದ್ದು ಅದೇ ಮೊದಲು. ಡ್ರೈವರು ಅವ್ವನಿಗೆ ಕೈ ಮುಗಿದರು. ಅವ್ವ ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ಎಲ್ಲಾವೂ ಅಲ್ಲ ಕಣಪ್ಪ" ಎಂದಳು. "ಬಿಳಿಕೆರೆಯಿಂದ ಈಚೆಗಿನವು ಮಾತ್ರ."