ತಪ್ಪೆಲ್ಲ ಸೂಜಿಯದೇ

ನೇಸರಗಿಯಲ್ಲಿ ನಾನು ಹೈಸ್ಕೂಲಿಗೆ ವಿಜ್ಞಾನ ಕಲಿಸುತ್ತೇನೆ. ನಮ್ಮ ಹುಡುಗಿಯರಿಗೆ ಲಸಿಕೆಯ ಬಗ್ಗೆ ಎಲ್ಲ ಗೊತ್ತು, ಎಮ್ಮೆಯ ಮಟ್ಟಿಗೆ. ಕಾಲುಬಾಯಿ ಬೇನೆಗೆ ಯಾವಾಗ ಹಾಕಿಸಬೇಕು, ಆಮೇಲೆ ಹಾಲು ಎಷ್ಟು ಕಡಿಮೆಯಾಗುತ್ತದೆ, ಡಾಕ್ಟರನ್ನು ಯಾರ ಮನೆಯ ಎಮ್ಮೆ ಒದ್ದಿತು, ಎಲ್ಲ ಬಾಯಿಪಾಠ. ತಮ್ಮ ತೋಳಿಗೆ ಏನೇನು ಚುಚ್ಚಿದ್ದಾರೆ ಎಂದು ಕೇಳಿದರೆ ಮಾತ್ರ ಕಿಟಕಿಯ ಕಡೆ ನೋಡುತ್ತಾರೆ.

ಈಚೆಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಬಂತು, ಅವರ ವಯಸ್ಸಿನವರಿಗೇ. ಬೋರ್ಡಿನ ಮೇಲೆ ಚಿತ್ರ ಬರೆದು, ಗಂಟಲು ಒಣಗುವವರೆಗೆ ವಿವರಿಸಿ, ಏನಾದರೂ ಕೇಳುವುದಿದ್ದರೆ ಕೇಳಿ ಎಂದೆ. ಹಿಂದಿನ ಬೆಂಚಿನವಳು ಎದ್ದು ನಿಂತಳು.

"ಟೀಚರ್ರೀ, ಗಬ್ಬದ ಎಮ್ಮಿಗೆ ಸೂಜಿ ಮಾಡಿದ್ರ ಕಂದ ಹಾಕತೈತಿ ಅಂತಾರ. ಮುಂದ ನಮಗೂ ಮಕ್ಕಳಾಗೂದಿಲ್ಲೇನ್ರಿ?"

"ನೀವೇನ ಎಮ್ಮಿ ಅದೀರೇನ?" ಎಂದೆ. ತರಗತಿ ನಕ್ಕಿತು. ವಿಜ್ಞಾನ ಗೆದ್ದಿತು ಎಂದುಕೊಂಡೆ.

ಮರುದಿನ ಎಲ್ಲರೂ ಒಪ್ಪಿದರು, ಒಬ್ಬಳನ್ನು ಬಿಟ್ಟು. ಅವಳು ತರಗತಿಗೇ ಜಾಣೆ. ನನಗೆ ಸಿಟ್ಟು ನೆತ್ತಿಗೇರಿತು. ಸಂಜೆ ಅವಳನ್ನು ನಿಲ್ಲಿಸಿಕೊಂಡು ಕೇಳಿದೆ.

"ಊರಿಗೊಂದು ದಾರಿ ಆದ್ರ ನಿನಗೊಂದು ದಾರಿ ಏನ? ನೀನೂ ಆ ಎಮ್ಮಿ ಮಾತು ನಂಬತಿ?"

"ಇಲ್ರಿ. ಸೂಜಿಯಿಂದ ಹಂಗೇನೂ ಆಗೂದಿಲ್ಲ ಅಂತ ಗೊತ್ತೈತ್ರಿ."

ಮತ್ತೇನು ಎಂದಾಗ ನಿಧಾನವಾಗಿ ಹೇಳಿದಳು. ಅವಳ ಅಕ್ಕನನ್ನು ರಾಮದುರ್ಗಕ್ಕೆ ಕೊಟ್ಟಿದ್ದಾರೆ. ಇನ್ನೂ ಮಕ್ಕಳಾಗಿಲ್ಲ. ಅತ್ತೆ ತನ್ನ ಮಗನಿಗೆ ಎರಡನೆಯ ಮದುವೆಯ ಮಾತು ತೆಗೆದಾಗ ಅಕ್ಕ ಒಂದು ಸುಳ್ಳು ಹೇಳಿದಳು: ಸಾಲಿಯಲ್ಲಿ ದಡಾರಕ್ಕೆ ಹಾಕಿದ ಸೂಜಿಯ ಕಾವು ಮೈಯಲ್ಲಿ ಇನ್ನೂ ಇದೆ, ಅದು ಇಳಿದ ಮೇಲೆ ಎಲ್ಲ ಸರಿಹೋಗುತ್ತದೆ. ಅತ್ತೆ ಎಮ್ಮೆ ಸಾಕಿದ ಹೆಂಗಸು. ಎಮ್ಮೆಗೂ ಹೀಗೇ ಆಗುತ್ತದೆ, ಕಾಯಬೇಕು ಎಂದು ಸುಮ್ಮನಾದಳು.

"ನಾ ಸೂಜಿ ಮಾಡಿಸಿಕೊಂಡ್ರ ಸುದ್ದಿ ಅಲ್ಲೀತನಕ ಹೋಗತೈತ್ರಿ. ಸೂಜಿ ಅಷ್ಟು ಕೆಟ್ಟದ್ದಿದ್ರ ತಂಗಿಗ್ಯಾಕ ಮಾಡಿಸಿದ್ರಿ ಅಂತಾರ. ಆಮ್ಯಾಲ ಅಕ್ಕಗ ಹೇಳಾಕ ಏನೂ ಉಳಿಯೂದಿಲ್ಲ."

ನನಗೆ ಅಳು ಬಂತು. ತಪ್ಪು ಗಂಡನದೂ ಇರಬಹುದು, ಡಾಕ್ಟರಿಗೆ ತೋರಿಸಲಿ ಎಂದೆ. ಅದನ್ನು ಆ ಮನೆಯಲ್ಲಿ ಯಾರು ಹೇಳಬೇಕು ಎಂದು ಅವಳು ಕೇಳಿದಳು. ಕೊನೆಗೆ ನನ್ನ ಫೋನನ್ನೇ ಅವಳ ಕೈಗಿತ್ತು, ಅಕ್ಕನನ್ನೇ ಕೇಳು ಎಂದೆ.

ಹುಡುಗಿ ಲಸಿಕೆ ಏನು, ಯಾವ ರೋಗಕ್ಕೆ, ತಾನೇಕೆ ಬೇಡ ಎನ್ನುತ್ತಿದ್ದೇನೆ, ಎಲ್ಲ ಹೇಳಿದಳು. ಆಮೇಲೆ ಅಕ್ಕ ಫೋನು ನನಗೆ ಕೊಡಲು ಹೇಳಿದಳು.

"ಆಕಿಗೆ ಸೂಜಿ ಮಾಡಿಸ್ರಿ ಟೀಚರ್," ಎಂದಳು. "ನಾ ಬ್ಯಾರೆ ಸುಳ್ಳ ಹುಡುಕತೇನಿ."