ಕಾಗದದಲ್ಲಿ ನಾನು ನುಂಗಿದ ಮೂರು ಸಾಲು

ಸಣ್ಣೀರಕ್ಕನ ಹೆಸರಿಗೆ ಬೆಂಗಳೂರಿನ ಆಸ್ಪತ್ರೆಯಿಂದ ಬಂದ ಕಾಗದದಲ್ಲಿ ಒಂಬತ್ತು ಸಾಲುಗಳಿದ್ದವು. ನಾನು ಓದಿ ಹೇಳಿದ್ದು ಆರು. ಉಳಿದ ಮೂರನ್ನು ನುಂಗಿದೆ — ಕಣ್ತಪ್ಪಿ ಅಲ್ಲ, ಬೇಕೆಂದೇ.

ಐವತ್ತರ ದಶಕದ ಕೊನೆ. ತಾವರೆಕೆರೆಯ ಶಾಲೆಗೆ ನಾನು ಮೇಷ್ಟ್ರು. ಊರಿನ ಸಮಸ್ತ ಇಂಗ್ಲಿಷ್ ವ್ಯವಹಾರಕ್ಕೆ ಏಕೈಕ ಅಧಿಕಾರಿ. ಕುರಿ ಸಾಕುವ ಮನೆಯ ಯಜಮಾನಿ ಸಣ್ಣೀರಕ್ಕ ಗರ್ಭಕೋಶದ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡು ಬಂದಿದ್ದಳು. ನಮ್ಮಲ್ಲಿ ಕಾಗದ ಓದುವುದೆಂದರೆ ಜಗಲಿಯ ಮೇಲೆ, ಊರೆಲ್ಲ ಕೂತು ಕೇಳುವ ಕಾರ್ಯಕ್ರಮ. ಅವಳ ಗಂಡುಮಕ್ಕಳು, ಅಳಿಯಂದಿರು, ಸಿರಾ ಬಸ್ಸಿಗೆ ಕಾಯುತ್ತಿದ್ದವರು — ಎಲ್ಲರೂ ಇದ್ದರು. "ಗರ್ಭಕೋಶದ ಕಾಯಿಲೆ ವಾಸಿಯಾಗಿದೆ" ಎಂದು ಪರಮ ಗಂಭೀರವಾಗಿ ಸಾರಿದೆ. ಮುಂದೆ ಹೀಗಿತ್ತು: ಇಂಥ ಹೆಂಗಸರಿಗೆ ಮೊಲೆಯಲ್ಲೋ ಕರುಳಲ್ಲೋ ಬೇರೆಯೇ ಹೊಸ ಕ್ಯಾನ್ಸರ್ ಹುಟ್ಟುವ ಸಂಭವವುಂಟು, ಗಂಟು ಕಂಡರೆ ಕೂಡಲೇ, ಕಾಣದಿದ್ದರೂ ವರ್ಷಕ್ಕೊಮ್ಮೆ ಬಂದು ತೋರಿಸತಕ್ಕದ್ದು.

ಅಳಿಯಂದಿರ ಮುಂದೆ ಆ ಪದ — ಅದೂ ಪೇಟ ಸುತ್ತಿದ ಮೇಷ್ಟ್ರ ಬಾಯಲ್ಲಿ —

"ಇಷ್ಟೇನಾ ಮೇಷ್ಟ್ರೇ? ಕಾಗ್ದ ಉದ್ದ ಐತಲ್ಲಾ?"

"ಇಷ್ಟೇ ಕಣಕ್ಕ. ಇಂಗ್ಲಿಷು ಜಾಗ ಜಾಸ್ತಿ ತಿಂತದೆ."

ಎಲ್ಲರೂ ನಕ್ಕರು. ಒಬ್ಬಳೇ ಸಿಕ್ಕಾಗ ಹೇಳೋಣವೆಂದು ಕಾಗದವನ್ನು ಜೇಬಿಗಿಟ್ಟೆ. ನಾಲ್ಕು ವರ್ಷ ಸಿಕ್ಕಳು — ಹೊಲದ ದಾರಿಯಲ್ಲಿ, ಶಾಲೆಯ ಬೇಲಿ ಹತ್ತಿರ. ಪ್ರತಿ ಸಲವೂ ಕುರಿಗಳ ಯೋಗಕ್ಷೇಮ ವಿಚಾರಿಸಿದೆ.

ಒಂದು ದಿನ ಅವಳೇ ಶಾಲೆಗೆ ಬಂದಳು. "ಎದೆಯಾಗೆ ಗಂಟು ಐತೆ ಮೇಷ್ಟ್ರೇ, ಹೋದ ಯುಗಾದಿಯಿಂದ. ಆ ಕಾಯ್ಲೆ ಅಲ್ಲ ಬುಡಿ, ಅದು ವಾಸಿ ಆಯ್ತು ಅಂತ ನೀವೇ ಓದಿದ್ರಲ್ಲ."

ಬೆಂಗಳೂರಿಗೆ ನಾನೇ ಕರೆದೊಯ್ದೆ. ಹಳೆಯದು ಹರಡಿದ್ದಲ್ಲ, ಇದು ಹೊಸದೇ. ಬಂದದ್ದು ತಡವಾಯಿತು — ಡಾಕ್ಟರು ಅಂದರು. ವಾಪಸು ಬರುವ ಬಸ್ಸಿನಲ್ಲಿ ಎಲ್ಲವನ್ನೂ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಮೊಲೆ ಅನ್ನಾಕೆ ನಾಚ್ಕಂಡ್ರಾ? ಆರು ಮಕ್ಳು ಕುಡ್ದವೆ ಕಣ್ ಮೇಷ್ಟ್ರೇ!"

ನಕ್ಕಳು. ಆಮೇಲೆ ಸಿರಾ ಬರುವವರೆಗೂ ಕಿಟಕಿಯ ಕಡೆ ತಿರುಗಿ ಕೂತಳು. ಇಳಿಯುವಾಗ ಹೇಳಿದ್ದು ಇಷ್ಟು: "ನನ್ ಮಕ್ಳಿಗೆ ಹೇಳ್ಬ್ಯಾಡಿ. ನಿಮ್ಮನ್ನ ಕಡ್ದು ಹಾಕ್ತಾರೆ."

ಮರುವರ್ಷ ತೀರಿಕೊಂಡಳು. ಅಮ್ಮನನ್ನು ಬೆಂಗಳೂರಿಗೆ ಕರೆದೊಯ್ದ ಪುಣ್ಯಾತ್ಮನೆಂದು ಮಕ್ಕಳು ನನಗೆ ಕಂಬಳಿ ಹೊದಿಸಿದರು, ನಾನು ಹೊದಿಸಿಕೊಂಡೆ! "ಹಣೇಲಿ ಬರ್ದಿತ್ತು ಬುಡಿ ಮೇಷ್ಟ್ರೇ" ಎಂದು ಇಂದಿಗೂ ನನಗೇ ಸಮಾಧಾನ ಹೇಳುತ್ತಾರೆ. ಹಣೆಯಲ್ಲಿ ಏನೂ ಬರೆದಿರಲಿಲ್ಲ. ಕಾಗದದಲ್ಲಿತ್ತು, ಸ್ಫುಟವಾಗಿ ಟೈಪಾಗಿತ್ತು. ಬೇಗ ತೋರಿಸಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ — ಆ ಪ್ರಶ್ನೆಯ ಹಿಂದೆ ನಾನು ಅಡಗಿಕೊಳ್ಳಲಾರೆ.

ಈ ಭಾನುವಾರ ಅದೇ ಜಗಲಿಗೆ ಮಕ್ಕಳು, ಅಳಿಯಂದಿರು ಎಲ್ಲರೂ ಬರಲೆಂದು ಹೇಳಿಕಳಿಸಿದ್ದೇನೆ. ಸಣ್ಣೀರಕ್ಕ, ನಿನ್ನ ಮಾತು ಮೀರುತ್ತಿದ್ದೇನೆ. ಒಂಬತ್ತೂ ಸಾಲು ಓದುತ್ತೇನೆ — ಆ ಪದವನ್ನು ಬಸ್ಸಿಗೆ ಕಾಯುವವರಿಗೂ ಕೇಳುವಷ್ಟು ಗಟ್ಟಿಯಾಗಿ. ಆಮೇಲೆ ಅವರು ಏನು ಮಾಡುತ್ತಾರೋ ಮಾಡಲಿ. ನಾನು ಜಗಲಿಯಿಂದ ಇಳಿಯುವುದಿಲ್ಲ.