ಡಿಸೆಂಬರಿನ ಬೆವರು

ಬಸ್ಸಿನ ಗಾಜಿನ ಮೇಲೆ ಮಂಜು ಕೂತು ಹೊರಗಿನ ರಸ್ತೆಯೇ ಕಾಣದ ಬೆಳಿಗ್ಗೆಯಲ್ಲೂ ಅವರ ಮೇಲ್ದುಟಿಯ ಮೇಲೆ ಬೆವರಿನ ಹನಿಗಳು ಸಾಲಾಗಿ ನಿಂತಿರುತ್ತಿದ್ದವು. ಮೊದಲು ಕುತ್ತಿಗೆ ಕೆಂಪಾಗುತ್ತಿತ್ತು, ಆಮೇಲೆ ಕೆನ್ನೆ. ಮರುಕ್ಷಣ ದಡಕ್ಕನೆ ಕಿಟಕಿ ಸರಿಸಿ, ಬ್ಯಾಗಿನಿಂದ ಯಾರದೋ ನೋಟ್‌ಬುಕ್ ಎಳೆದು ಬೀಸಿಕೊಳ್ಳುತ್ತ, "ಎರಡೇ ನಿಮಿಷ ಮಾರಾಯ್ತಿ, ಈಗ ಹೋಗುತ್ತೆ" ಎನ್ನುತ್ತಿದ್ದರು.

ಅವರು ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಡಂ. ನಾನು ಕನ್ನಡದವಳು, ಅವರಿಗಿಂತ ಹದಿನೈದು ವರ್ಷ ಚಿಕ್ಕವಳು. ಸಾಗರದಿಂದ ರಿಪ್ಪನ್‌ಪೇಟೆಗೆ ದಿನಾ ಒಂದೇ ಬಸ್ಸು, ಅಕ್ಕಪಕ್ಕದ ಸೀಟು. ಚಳಿ ಅಂದರೆ ನನಗೆ ಮೊದಲಿಂದಲೂ ಆಗದು. ಸೆರಗನ್ನು ಕಿವಿಗೆ ಸುತ್ತಿಕೊಂಡು ಒಳಗೊಳಗೇ ಅವರನ್ನು ಬೈದುಕೊಳ್ಳುತ್ತಿದ್ದೆ.

ಒಂದು ಕಡೆ ಕೂತು ಗೊತ್ತಿಲ್ಲ ಅವರಿಗೆ. ಸ್ಟಾಫ್ ರೂಮಿನಲ್ಲಿ ಕೂತರು ಅನ್ನುವಷ್ಟರಲ್ಲಿ ವರಾಂಡ, ವರಾಂಡದಿಂದ ನಲ್ಲಿ, ಮುಖಕ್ಕೆ ನೀರು ಚಿಮುಕಿಸಿಕೊಂಡು ಮತ್ತೆ ಒಳಗೆ. ಬಿಸಿ ಕಾಫಿ ಬಿಟ್ಟೇಬಿಟ್ಟಿದ್ದರು. ಇವರಿಗೆ ಯಾವಾಗಲೂ ಯಾರ ಮೇಲೋ ಸಿಟ್ಟು ಅಂತ ನಾವೆಲ್ಲ ತೀರ್ಮಾನಿಸಿದ್ದೆವು.

ಒಂದು ಡಿಸೆಂಬರಿನಲ್ಲಿ ನನಗೆ ವಿಪರೀತ ಕೆಮ್ಮು. ಆನಂದಪುರ ದಾಟಿದ್ದೇ ಅವರು ಕಿಟಕಿ ತೆಗೆದರು. ನನ್ನ ತಲೆ ಕೆಟ್ಟುಹೋಯಿತು. ಅವರ ಮೈಮೇಲೇ ಬಾಗಿ ಗಾಜು ಎಳೆದು ಮುಚ್ಚಿದೆ. "ಬಸ್ಸು ನಿಮ್ಮೊಬ್ರದ್ದಾ ಮೇಡಂ? ನಿಮ್ಗೆ ನಾಟಕ, ನಮ್ಗೆ ಪ್ರಾಣಸಂಕಟ!"

ಹಿಂದೆ ಯಾರೋ ಕಿಸಕ್ಕೆಂದರು. ಬೆವರು ಗಲ್ಲದಿಂದ ಸೀರೆಗೆ ಇಳಿಯುತ್ತಿದ್ದರೂ ಅವರು ಒರೆಸಿಕೊಳ್ಳಲಿಲ್ಲ.

ಅದೇ ದಿನ ಪಕ್ಕದ ಹತ್ತನೇ ತರಗತಿಯಲ್ಲಿ ಅವರ ಪಾಠ. ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ.

"ಮಿದುಳಿನ ತಳದಲ್ಲಿ ಹೈಪೋಥಲಾಮಸ್ ಅಂತ ಇದೆ, ಬಾದಾಮಿಯಷ್ಟು. ಮೈ ಎಷ್ಟು ಬೆಚ್ಚಗಿರ್ಬೇಕು ಅಂತ ಅಲ್ಲಿನ ಜೀವಕೋಶಗಳು ನೋಡ್ಕೊಳ್ತವೆ. ಚಳಿಯಾದ್ರೆ ನಡುಗಿಸ್ತವೆ, ಸೆಕೆಯಾದ್ರೆ ಬೆವರಿಸ್ತವೆ. ಹೆಂಗಸ್ರಿಗೆ ಮುಟ್ಟು ನಿಲ್ಲೋ ವಯಸ್ಸಲ್ಲಿ ಹಾರ್ಮೋನ್ ಕಮ್ಮಿಯಾಗಿ ಅವಕ್ಕೆ ಗಾಬರಿ. ಚೂರು ಬೆಚ್ಚಗಾದ್ರೂ ಬೆಂಕಿ ಬಿತ್ತು ಅಂತ ನೀರು ಸುರೀತಾವೆ. ಈಗ ನಂಗೆ ಆಗ್ತಿರೋದೂ ಅದೇ. ನಾಟಕ ಅಲ್ಲ. ನಾಳೆ ನಿಮ್ಮಮ್ಮ ಚಳೀಲಿ ಸೆಕೆ ಅಂದ್ರೆ ನಗ್ಬೇಡಿ. ಎದ್ದು ಕಿಟಕಿ ತೆಗೀರಿ."

ಮಕ್ಕಳು ನಗಲಿಲ್ಲ. ಗೋಡೆಯ ಈಚೆ ನಾನು ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ. ಎಂಥ ನಾಚಿಕೆ! ಸಂಜೆ ಕ್ಷಮೆ ಕೇಳಬೇಕು ಅಂದುಕೊಂಡೆ. ಬಸ್ಸಿನಲ್ಲಿ ಬಾಯಿಯೇ ಬರಲಿಲ್ಲ.

ಮಾರನೇ ದಿನ ಅವರೇ ಬ್ಯಾಗಿನಿಂದ ಕಂದು ಬಣ್ಣದ ಸ್ವೆಟರ್ ತೆಗೆದು ನನ್ನ ತೊಡೆಯ ಮೇಲೆ ಹಾಕಿದರು. "ನಂಗಿನ್ನು ಇದ್ರ ಕೆಲ್ಸ ಇಲ್ಲ ಮಾರಾಯ್ತಿ. ನೀ ಹಾಕ್ಕೋ. ಕಿಟಕಿ ಮಾತ್ರ ನಂಗೆ ಬಿಡು."

ಕೆಲವು ವರ್ಷಗಳ ನಂತರ ಅವರು ನಿವೃತ್ತಿಯಾಗಿ, ತೀರ್ಥಹಳ್ಳಿಯಲ್ಲಿದ್ದ ಮಗಳ ಮನೆಗೆ ಹೋದರು. ಹೋಗಿ ಒಂದು ಮಾತು ಹೇಳಿ ಬರಬೇಕು ಅಂತ ಪ್ರತಿ ರಜೆಯಲ್ಲೂ ಚಡಪಡಿಸುತ್ತಿದ್ದೆ, ಹೋಗುತ್ತಿರಲಿಲ್ಲ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಬಂತು.

ಈಗ ನನ್ನ ಸರದಿ. ಕಿಟಕಿ ಪಕ್ಕ ನಾನೇ. ಆದರೆ ಒಂದು ಸಂಗತಿ ಪಾಠದಲ್ಲಿ ಅವರು ಹೇಳಿರಲಿಲ್ಲ. ಬೆವರು ಆರಿದ್ದೇ ತಡ, ಮೈ ಗಡಗಡ ನಡುಗುತ್ತದೆ. ಹಾಗಾದರೆ ಆ ಸ್ವೆಟರ್ ಅವರಿಗೂ ಬೇಕಿತ್ತು. ಅದೆಷ್ಟು ಬೆಳಿಗ್ಗೆ ನನ್ನ ಪಕ್ಕದಲ್ಲೇ ನಡುಗುತ್ತ ಕೂತಿದ್ದರೋ, ನಾನು ತಿರುಗಿಯೂ ನೋಡಿರಲಿಲ್ಲ.

ಮೊನ್ನೆ ನಾನು ಗಾಜು ಸರಿಸಿದ್ದಕ್ಕೆ, ಪಕ್ಕದಲ್ಲಿದ್ದ ಹೊಸ ಗಣಿತದ ಟೀಚರ್ ಹುಡುಗಿ ಮುಖ ಗಂಟಿಕ್ಕಿದಳು. "ಎಂತ ಮೇಡಂ ಇದು, ಈ ಚಳೀಲಿ!" ಖಾರವಾಗಿ ಏನೋ ಬಾಯಿಗೆ ಬಂತು, ನುಂಗಿಕೊಂಡೆ. ಮೊಣಕೈ ಹತ್ತಿರ ಎರಡು ಸಲ ಹೊಲಿದ ಆ ಸ್ವೆಟರ್ ತೆಗೆದು ಕೊಟ್ಟೆ. ಅವಳು ತೊಟ್ಟುಕೊಂಡಳು. ಆ ಕಂದು ತೋಳು ಪಕ್ಕದ ಸೀಟಿನಲ್ಲಿ ಕಂಡದ್ದೇ, ಅವರಿಗೆ ಹೇಳದೆ ಇಷ್ಟು ವರ್ಷ ಉಳಿದಿದ್ದ ಮಾತು ಹೊರಗೆ ಬಂದೇಬಿಟ್ಟಿತು.

"ತಪ್ಪಾಯ್ತು ಮೇಡಂ."

"ಅಯ್ಯೋ, ಎರಡು ನಿಮಿಷ ಕಿಟಕಿ ತೆಗ್ದಿದ್ದಕ್ಕೆ ಎಂತಕ್ಕೆ ಅಳ್ತೀರಿ!" ಅಂದಳು ಹುಡುಗಿ.